ಹಳೇ ಬೈಕು ಹೇಳಿದ ರೇಟಿಗೆ ಬಾಳುತ್ತಾ? ದಾವಣಗೆರೆ, ಚಿತ್ರದುರ್ಗದ ಕಡೆ ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

"ಅಣ್ಣಾ 2009 ಮಾಡೆಲ್ ಸ್ಪ್ಲೆಂಡರ್ ಪ್ಲಸ್, ಸಿಂಗಲ್ ಓನರ್, 28 ಸಾವಿರ ಹೇಳ್ತಿದಾರೆ, ತಗೋಬಹುದಾ?" ಅಂತ ಒಂದು ಫೋಟೋ ಕಳ್ಸಿ ಕೇಳೋರು ಜಾಸ್ತಿ ಆಗಿದಾರೆ. ಎಲ್ರಿಗೂ ಒಂದೊಂದೇ ಉತ್ರ ಬರೆಯೋದಕ್ಕಿಂತ ಒಂದ್ಸಲ ಪೂರ್ತಿ ಬರೆದು ಹಾಕಿಬಿಡೋಣ ಅಂತ ಇದು. ಫೋಟೋ ನೋಡಿ ಹಳೇ ಬೈಕಿನ ರೇಟು ಹೇಳೋಕಾಗಲ್ಲ ಕಣ್ರಿ. ಫೋಟೋದಲ್ಲಿ ಪೇಂಟು ಕಾಣುತ್ತೆ, ಇಂಜಿನ್ ಒಳಗಿನ ಬೋರು (ಪಿಸ್ಟನ್ ಓಡಾಡೋ ಕೊಳವೆ) ಕಾಣಲ್ಲ, ಆರ್‌ಸಿ (ಗಾಡಿಯ ನೋಂದಣಿ ಪತ್ರ) ಮುಗಿದ ತಾರೀಖಂತೂ ಕಾಣೋದೇ ಇಲ್ಲ.

ಇನ್ನೊಂದು, ಬೇರೆಯವ್ರು ಎಷ್ಟು ಹೇಳ್ತಿದಾರೆ ಅಂತ ನಾಲ್ಕು ಜಾಹೀರಾತು ನೋಡಿ ಅದೇ ರೇಟು ಅನ್ಕೊಳ್ಳೋದು ಬಿಡ್ರಿ. ಅದು ಹೇಳೋ ರೇಟು, ವ್ಯಾಪಾರ ಕುದುರಿದ ರೇಟಲ್ಲ. ಆ ಗಾಡಿ ನಿಮ್ಮ ಹೆಸರಿಗೆ ಬಂದು, ಇನ್ಶೂರೆನ್ಸ್ ಆಗಿ, ಬ್ರೇಕ್ ಹಿಡಿದ್ರೆ ನಿಲ್ಲೋ ಹಂಗೆ ರೆಡಿ ಆಗೋ ತನಕ ಒಟ್ಟು ಎಷ್ಟು ಕೈಯಿಂದ ಹೋಗುತ್ತೆ ಅನ್ನೋದೇ ನಿಮಗೆ ಬೀಳೋ ನಿಜವಾದ ರೇಟು. ಕೆಳಗಿರೋದೆಲ್ಲ ಆ ಲೆಕ್ಕಕ್ಕೆ ಬೇಕಾದ್ದು.

ಹೋಗೋವಾಗ ಜೊತೆಗೆ ಇಟ್ಕೊಳ್ರಿ: ಒಂದು ಟಾರ್ಚ್, ಹಳೇ ಬಟ್ಟೆ, ಒಂದು ಸಣ್ಣ ಅಯಸ್ಕಾಂತ, ಎರಡು ಮಾರು ದಾರ, ನೆಟ್ ಇರೋ ಫೋನು. ಪರಿಚಯದ ಮೆಕ್ಯಾನಿಕ್ ಬಂದ್ರೆ ಇನ್ನೂ ಒಳ್ಳೇದು, ಅವರ ಅರ್ಧ ದಿನದ ಕೂಲಿ ಕೊಟ್ಟೇ ಕರ್ಕೊಂಡು ಹೋಗ್ರಿ. ಮಾರೋನು ತೋರ್ಸೋ ಮೆಕ್ಯಾನಿಕ್ ಮಾತ್ರ ಬೇಡ.

1. ಓಡ್ಸೋಕಾ, ಕ್ರೇಜಿಗಾ ಅಂತ ಮೊದ್ಲು ತೀರ್ಮಾನ ಮಾಡ್ರಿ

ಸ್ಪ್ಲೆಂಡರ್, ಪ್ಯಾಷನ್, ಪ್ಲಾಟಿನಾ, ಹಳೇ ಪಲ್ಸರ್ ಇವೆಲ್ಲ ಓಡ್ಸೋ ಗಾಡಿ. ಇವುಗಳ ರೇಟು ವರ್ಷ ಹೋದಂಗೆ ಇಳಿಯುತ್ತೆ, ಅದ್ರಿಂದ ಕಂಡಿಷನ್ನು, ಕಾಗದ ಎರಡನ್ನೇ ನೋಡಿದ್ರೆ ಸಾಕು. ಆರ್‌ಎಕ್ಸ್ 100, ಯೆಜ್ಡಿ, ಎರಕದ ಇಂಜಿನ್ನಿನ ಹಳೇ ಬುಲೆಟ್ ಇವುಗಳ ಲೆಕ್ಕನೇ ಬೇರೆ. ಆರ್‌ಎಕ್ಸ್ 100 1985ರಲ್ಲಿ ಶುರುವಾಗಿ 1996ಕ್ಕೆ ನಿಂತೋಯ್ತು, ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿ ಕಾರ್ಖಾನೆನೂ ಅದೇ 1996ರಲ್ಲಿ ಮುಚ್ಚಿತು, ಈಗ ಇರೋವಷ್ಟೇ ಗಾಡಿ. ಹಂಗಾಗಿ ಲಕ್ಷದ ಮಾತಾಡೋರೂ ಇದಾರೆ. ಅಲ್ಲಿ ನೀವು ಕೊಡೋ ದುಡ್ಡು ಒರಿಜಿನಲ್ ಪಾರ್ಟ್ಸಿಗೆ, ಮೈಲೇಜಿಗಲ್ಲ. ಅದಕ್ಕೆ ಕೆಳಗೆ ಬೇರೆ ಬರೆದಿದೀನಿ.

ದಿನಾ ಹರಿಹರದಿಂದ ದಾವಣಗೆರೆಗೆ ಕೆಲ್ಸಕ್ಕೆ ಓಡಾಡೋರು ಕ್ರೇಜಿಗೆ ಬಿದ್ದು ಆರ್‌ಎಕ್ಸ್, ಯೆಜ್ಡಿ ತರದ ಟೂ ಸ್ಟ್ರೋಕ್ ತಗೋಬ್ಯಾಡ್ರಿ. ಪೆಟ್ರೋಲು, ಅದರ ಜೊತೆ ಸುಡೋ ಟೂಟಿ ಆಯಿಲು ಎರಡೂ ಸೇರಿ ತಿಂಗಳ ಕೊನೆಗೆ ಗಾಡಿ ಮೇಲಿನ ಪ್ರೀತಿ ಎಲ್ಲಾ ಇಳಿದುಹೋಗುತ್ತೆ.

2. ಫೋನಲ್ಲೇ ಕೇಳ್ಬೇಕಾದ್ದು

ಹೋಗಿ ನೋಡೋಕೆ ಮುಂಚೆ ನಾಲ್ಕು ಪ್ರಶ್ನೆ. ಗಾಡಿ ನಂಬರ್ ಏನು? ಆರ್‌ಸಿ ಯಾರ ಹೆಸರಲ್ಲಿದೆ, ಅವರು ನಿಮಗೆ ಏನಾಗ್ಬೇಕು? ಆರ್‌ಸಿ ವ್ಯಾಲಿಡಿಟಿ ಎಲ್ಲಿವರೆಗಿದೆ? ಇಂಜಿನ್ ಕೆಲಸ ಆಗಿದ್ಯಾ, ಆಗಿದ್ರೆ ಹಾಫಾ ಫುಲ್ಲಾ? ಹಾಫ್ ಇಂಜಿನ್ ಅಂದ್ರೆ ಮೇಲಿನ ಭಾಗ ಮಾತ್ರ, ಬ್ಲಾಕು (ಪಿಸ್ಟನ್ ಕೂರೋ ಸಿಲಿಂಡರ್), ಪಿಸ್ಟನ್ನು, ಹೆಡ್ಡು. ಫುಲ್ ಅಂದ್ರೆ ಕ್ರ್ಯಾಂಕು, ಬೇರಿಂಗು ಎಲ್ಲಾ ಬಿಚ್ಚಿ ಮಾಡಿರೋದು. ನಂಬರ್ ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿಗೇ ಬಿಟ್ಬಿಡ್ರಿ, ಪೆಟ್ರೋಲ್ ಖರ್ಚು ಉಳೀತು.

ಕೊನೆಗೆ ಒಂದು ಮಾತು ಹೇಳಿ ಇಡ್ರಿ: "ನಾನು ಬರೋ ತನಕ ಸ್ಟಾರ್ಟ್ ಮಾಡ್ಬ್ಯಾಡ್ರಣ್ಣ." ಇದು ಯಾಕೆ ಅಂತ 5ನೇದ್ರಲ್ಲಿ ಐತೆ.

3. ಕಾಗದ. ರೇಟು ಅರ್ಧಕ್ಕರ್ಧ ಇಲ್ಲೇ ತೀರ್ಮಾನ ಆಗೋದು

ಪರಿವಾಹನ್ ವೆಬ್‌ಸೈಟಲ್ಲೋ ಎಂಪರಿವಾಹನ್ ಆ್ಯಪಲ್ಲೋ ನಂಬರ್ ಹಾಕಿ ನೋಡ್ರಿ. ಓನರ್ ಹೆಸರು ಅರ್ಧ ಮುಚ್ಚಿರುತ್ತೆ, ಪರ್ವಾಗಿಲ್ಲ. ರಿಜಿಸ್ಟ್ರೇಷನ್ ತಾರೀಖು, ಆರ್‌ಸಿ ಎಲ್ಲಿವರೆಗೆ, ಇನ್ಶೂರೆನ್ಸ್ ಎಲ್ಲಿವರೆಗೆ, ಫೈನಾನ್ಸ್ ಬಾಕಿ ಇದ್ಯಾ, ಬ್ಲಾಕ್‌ಲಿಸ್ಟ್ ಆಗಿದ್ಯಾ ಅನ್ನೋದು ಗೊತ್ತಾಗುತ್ತೆ. ಇ-ಚಲನ್ ಸೈಟಲ್ಲಿ ದಂಡ ಬಾಕಿ ಇದ್ಯಾ ಅಂತಾನೂ ನೋಡಿಬಿಡ್ರಿ.

ಈಗ ಮುಖ್ಯವಾದ್ದಕ್ಕೆ ಬರೋಣ. ಸ್ವಂತ ಬೈಕಿಗೆ ಆರ್‌ಸಿ 15 ವರ್ಷ ಅಷ್ಟೇ. ಆಮೇಲೆ ಫಾರಂ 25 ಹಾಕಿ, ಗಾಡಿ ತೋರ್ಸಿ, ಐದೈದು ವರ್ಷಕ್ಕೆ ರಿನೀವಲ್ ಮಾಡಿಸ್ಬೇಕು. ಜನ ಇದ್ನ "ಎಫ್‌ಸಿ ಮಾಡ್ಸೋದು" ಅಂತಾರೆ. 2009ರ ಗಾಡಿ ಅಂದ್ರೆ 2024ಕ್ಕೇ ಮುಗಿದಿದೆ ಅಂತ ಅರ್ಥ, ರಿನೀವಲ್ ಆಗಿದ್ಯೋ ಇಲ್ವೋ ಅನ್ನೋದ್ರ ಮೇಲೆ ರೇಟು ಏರುಪೇರಾಗುತ್ತೆ. 2022ರ ಏಪ್ರಿಲ್‌ನಿಂದ ಬೈಕಿನ ರಿನೀವಲ್ ಫೀ 1,000 ರೂಪಾಯಿ ಆಗಿದೆ, 20 ವರ್ಷ ದಾಟಿದ ಬೈಕಿಗೆ 2025ರಲ್ಲಿ 2,000 ಮಾಡಿದಾರೆ. ಇದಲ್ದೆ ತಡ ಮಾಡಿದ್ದಕ್ಕೆ ತಿಂಗಳಿಗೆ 300 ರೂಪಾಯಿ ಬೀಳುತ್ತೆ. ಆರ್‌ಸಿ ಮುಗಿದು ಮೂರು ವರ್ಷ ಆಗಿರೋ ಗಾಡಿ ಅಂದ್ರೆ 36 ತಿಂಗಳು, 10,800 ರೂಪಾಯಿ ತಡದ್ದೇ ಆಯ್ತು, ಫೀ ಬೇರೆ, ಹಳೇ ಗಾಡಿಗೆ ಹಾಕೋ ಗ್ರೀನ್ ಟ್ಯಾಕ್ಸ್ ಬೇರೆ, ಏಜೆಂಟ್ ಹತ್ರ ಹೋದ್ರೆ ಅವನ್ದು ಬೇರೆ. "ಬರೀ 15 ಸಾವಿರಕ್ಕೆ ಸ್ಪ್ಲೆಂಡರ್" ಅಂತ ಸಿಕ್ಕಿದ್ದು ಯಾಕೆ ಸಿಕ್ತು ಅಂತ ಈಗ ಗೊತ್ತಾಯ್ತಲ್ಲ.

15 ವರ್ಷ ಆದ್ಮೇಲೆ ಗಾಡಿ ಗುಜರಿಗೇ ಹಾಕ್ಬೇಕು ಅಂತ ಹೆದರ್ಸೋರೂ ಇದಾರೆ. ಪೆಟ್ರೋಲ್ ಗಾಡಿಗೆ 15 ವರ್ಷದ ಗಡಿ ಅನ್ನೋದು ದೆಹಲಿ ಕಡೆ ಬಂದಿರೋ ರೂಲು. ನಮ್ಮಲ್ಲಿ ಗಾಡಿ ಚೆನ್ನಾಗಿದ್ರೆ ರಿನೀವಲ್ ಮಾಡಿಸ್ಕೊಂಡು ಓಡಿಸಬಹುದು.

ಕಾಗದದಲ್ಲಿ ಜನ ಎಲ್ಲೆಲ್ಲಿ ಬೀಳ್ತಾರೆ ಅಂದ್ರೆ:

ಸಿಂಗಲ್ ಓನರ್ ಅನ್ನೋ ಮಾತು. ನಮ್ಮ ಹಳ್ಳಿ ಕಡೆ ಬೈಕು ಅಣ್ಣನಿಂದ ಭಾವಂಗೆ, ಭಾವನಿಂದ ಪಕ್ಕದೂರಿನವ್ರಿಗೆ ಕೈ ಬದಲಾಗ್ತಾನೇ ಇರುತ್ತೆ, ಹೆಸರು ಬದ್ಲಾಯ್ಸೋಕೆ ಮಾತ್ರ ಯಾರೂ ಹೋಗಲ್ಲ. ಆರ್‌ಸಿ ನೋಡಿದ್ರೆ ಸಿಂಗಲ್ ಓನರ್ರೇ, ಗಾಡಿ ಮಾತ್ರ ನಾಲ್ಕು ಜನರ ಕೈಲಿ ತಿರುಗಿ ಬಂದಿರುತ್ತೆ. ಮಾರೋನ ಕೈಲಿ ಮೊದಲನೇ ಓನರ್ ಸೈನ್ ಮಾಡಿದ ಖಾಲಿ ಫಾರಂ 29, 30 ಇರುತ್ತೆ. ಫಾರಂ 29 ಮಾರಿದ್ದೀನಿ ಅಂತ ತಿಳ್ಸೋದು, 30 ಹೆಸರು ವರ್ಗಾವಣೆ ಅರ್ಜಿ. ಸೈನ್ ಇದ್ರೆ ಸಾಕಾಗಲ್ಲ ಈಗ, ಆನ್‌ಲೈನಲ್ಲಿ ಮಾಡೋವಾಗ ಓನರ್ ಮೊಬೈಲಿಗೆ ಓಟಿಪಿ ಬರುತ್ತೆ. ಆ ಓನರ್ರು ಬೆಂಗಳೂರಲ್ಲಿ ಎಲ್ಲೋ ಇದ್ದು ಫೋನ್ ನಂಬರೇ ಬದ್ಲಾಗಿದ್ರೆ ನೀವು ಅಲೆದು ಅಲೆದು ಸಾಕಾಗ್ತೀರ. ಹಂಗಾಗಿ ಒಂದೇ ನಿಯಮ ಇಟ್ಕೊಳ್ರಿ, ಆರ್‌ಸಿಲಿರೋ ಮನುಷ್ಯನ ಜೊತೆ ಫೋನಲ್ಲಾದ್ರೂ ಮಾತಾಡದೆ ಅಡ್ವಾನ್ಸ್ ಕೊಡ್ಬೇಡ್ರಿ.

ಓನರ್ ತೀರಿಕೊಂಡಿದ್ರೆ ಫಾರಂ 31 ಹಾಕಿ ಮೊದ್ಲು ಮನೆಯವರ ಹೆಸರಿಗೆ ಬರ್ಬೇಕು, ಡೆತ್ ಸರ್ಟಿಫಿಕೇಟು, ವಾರಸುದಾರರ ಕಾಗದ ಎಲ್ಲಾ ಬೇಕು. "ಅಪ್ಪಂದು ಸಾರ್, ನೀವೇ ಮಾಡಿಸ್ಕೊಳ್ರಿ" ಅಂದ್ರೆ ಒಪ್ಕೋಬೇಡ್ರಿ, ಅವರ ಹೆಸರಿಗೆ ಬಂದ್ಮೇಲೆ ವ್ಯಾಪಾರ.

ಎಚ್‌ಪಿ, ಅಂದ್ರೆ ಸಾಲ ಕೊಟ್ಟ ಫೈನಾನ್ಸಿನವರ ಹೆಸರು ಆರ್‌ಸಿಲಿ ಉಳಿದಿರೋದು. ಸಾಲ ತೀರಿ ಹತ್ತು ವರ್ಷ ಆಗಿದ್ರೂ ಹೆಸರು ಹಂಗೇ ಇರುತ್ತೆ. ಫೈನಾನ್ಸಿನವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಫಾರಂ 35 ಬೇಕು. ಆ ಫೈನಾನ್ಸ್ ಬಾಗಿಲು ಹಾಕಿದ್ರೆ ತಲೆನೋವೋ ತಲೆನೋವು.

ಬೇರೆ ಕಡೆ ನಂಬರು. ಕೆಎ 17 ದಾವಣಗೆರೆ, ಕೆಎ 16 ದುರ್ಗ. ಶಿವಮೊಗ್ಗದ್ದೋ ಹಾವೇರಿದೋ ಆದ್ರೆ ಅಲ್ಲಿನ ಆರ್‌ಟಿಓದಿಂದ ಕ್ಲಿಯರೆನ್ಸ್ ತರ್ಸೋ ಕೆಲ್ಸ, ಸಿಸಿ ಅಂತಾರೆ, ತಡ ಆಗ್ಬಹುದು ಅಷ್ಟೇ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಎಪಿ ನಂಬರಿನ ಗಾಡಿ ಕಮ್ಮಿಗೆ ಸಿಗ್ತವೆ, ಆಂಧ್ರ ಪಕ್ಕದಲ್ಲೇ ಅಲ್ವಾ. ಅದಕ್ಕೆ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಬಂದು ಕರ್ನಾಟಕದ ಟ್ಯಾಕ್ಸ್ ಕಟ್ಟಿ ಹೊಸ ನಂಬರ್ ಹಾಕಿಸ್ಬೇಕು. ಅದೆಲ್ಲ ಸೇರ್ಸಿದ್ರೆ ಕಮ್ಮಿ ಅನ್ನೋದು ಕಮ್ಮಿಯಾಗಿ ಉಳಿಯಲ್ಲ.

ತುಂಬಾ ಹಳೇ ಗಾಡಿ ಆದ್ರೆ ಪರಿವಾಹನಲ್ಲಿ ನಂಬರ್ರೇ ಬರದೆ ಇರ್ಬಹುದು. ಕಳ್ಳ ಗಾಡಿ ಅಂತ ತಕ್ಷಣ ಅನ್ಕೋಬೇಡ್ರಿ. ಪುಸ್ತಕದ ಕಾಲದ ದಾಖಲೆ ಕಂಪ್ಯೂಟರಿಗೆ ಏರಿಲ್ಲ ಅಂತ ಇರ್ಬಹುದು, ಆರ್‌ಟಿಓದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸ್ಬೇಕಾಗುತ್ತೆ. ಅದನ್ನ ಮಾರೋನೇ ಮಾಡ್ಸಿ ಕೊಡ್ಲಿ, ಅಲ್ಲಿವರೆಗೆ ದುಡ್ಡು ನಿಮ್ಮ ಜೇಬಲ್ಲೇ ಇರ್ಲಿ. 2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ, ಅಂದ್ರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಹಾಕ್ಸಿದಾರಾ ಅಂತನೂ ನೋಡ್ರಿ, ಇಲ್ಲಾಂದ್ರೆ ಅದೂ ಖರ್ಚಿಗೆ ಸೇರ್ಸಿ.

4. ಚಾಸಿ ನಂಬರು, ಇಂಜಿನ್ ನಂಬರು

ಚಾಸಿ, ಅಂದ್ರೆ ಗಾಡಿಯ ಫ್ರೇಮಿನ, ನಂಬರ್ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗೆ, ಫೋರ್ಕ್ ಕೂರೋ ಪೈಪಿನ ಪಕ್ಕ ಹೊಡೆದಿರ್ತಾರೆ. ಇಂಜಿನ್ ನಂಬರ್ ಬ್ಲಾಕಿನ ಕೆಳಗಡೆ ಕೇಸಿಂಗ್ ಮೇಲೆ. ಬಟ್ಟೆಲಿ ಒರೆಸಿ, ಟಾರ್ಚ್ ಹಾಕಿ, ಒಂದೊಂದೇ ಅಕ್ಷರ ಆರ್‌ಸಿ ಜೊತೆ ತಾಳೆ ನೋಡ್ರಿ. ಅಕ್ಷರ ಸೊಟ್ಟ ಪಟ್ಟ ಇದ್ರೆ, ಅಲ್ಲಿ ಮಾತ್ರ ಉಜ್ಜಿದಂಗಿದ್ರೆ, ಅಷ್ಟು ಜಾಗಕ್ಕೆ ಮಾತ್ರ ಹೊಸ ಪೇಂಟ್ ಬಿದ್ದಿದ್ರೆ ಸುಮ್ನೆ ಎದ್ದು ಬರ್ರಿ. ರೇಟು ಎಷ್ಟೇ ಇಳಿಸಿದ್ರೂ ಅದು ನಿಮಗೆ ಬ್ಯಾಡ. ಇಂಜಿನ್ ಬದಲಾಯ್ಸಿ ಆರ್‌ಸಿಲಿ ಸೇರಿಸದೆ ಬಿಟ್ಟಿರೋದೂ ಉಂಟು, ಅದು ರಿನೀವಲ್ ದಿನ ಸಿಕ್ಕಿಹಾಕಿಕೊಳ್ಳುತ್ತೆ.

5. ತಣ್ಣಗಿರೋ ಇಂಜಿನ್

ಹೋದ ತಕ್ಷಣ ಮಾತಿಗೆ ಮುಂಚೆ ಬ್ಲಾಕ್ ಮೇಲೆ ಕೈ ಇಡ್ರಿ. ಬೆಚ್ಚಗಿದ್ರೆ ನೀವು ಬರೋಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ. ಬೆಳಿಗ್ಗೆ ಸ್ಟಾರ್ಟ್ ಆಗದ ಗಾಡಿ, ತಣ್ಣಗಿದ್ದಾಗ ಸದ್ದು ಮಾಡೋ ಗಾಡಿ, ಎರಡೂ ಬಿಸಿ ಆದ್ಮೇಲೆ ಸಾಧು ಆಗ್ಬಿಡ್ತವೆ. ಟೀ ಕುಡ್ದು ಬರ್ತೀನಿ ಅಂತ ಹೇಳಿ ಒಂದೆರಡು ತಾಸು ಬಿಟ್ಟು ಬರ್ರಿ.

ತಣ್ಣಗಿದ್ರೆ ಮೊದ್ಲು ಕೀ ಆಫ್ ಇಟ್ಟು ಕಿಕ್ಕರನ್ನ ಕೈಯಲ್ಲೇ ನಿಧಾನ ಒತ್ರಿ. ಒಂದು ಕಡೆ ಬಂದು ಗಟ್ಟಿಯಾಗಿ ತಡೀಬೇಕು, ಅದೇ ಕಂಪ್ರೆಷನ್. ತಡೀದೆ ಸಲೀಸಾಗಿ ಕೆಳಗೆ ಹೋದ್ರೆ ರಿಂಗೋ ವಾಲ್ವೋ ಹೋಗಿದೆ. ಆಮೇಲೆ ಆಯಿಲ್ ಕಡ್ಡಿ ತೆಗೆದು ಬಟ್ಟೆ ಮೇಲೆ ಒರೆಸಿ. ಕಪ್ಪಗಿದ್ರೆ ಹೆದರೋದು ಬೇಡ. ಹಾಲು ಕಲ್ಸಿದಂಗಿದ್ರೆ ನೀರು ಸೇರಿದೆ, ಬಿಸಿಲಿಗೆ ಹಿಡಿದಾಗ ಮಿಣಮಿಣ ಅಂದ್ರೆ ಒಳಗೆ ಲೋಹ ಸವೀತಿದೆ. ಮೈಯೆಲ್ಲಾ ಧೂಳು ತುಂಬಿರೋ ಗಾಡಿಲಿ ಆಯಿಲ್ ಮಾತ್ರ ಜೇನಿನ ಬಣ್ಣಕ್ಕಿದ್ದು ಗಟ್ಟಿಯಾಗಿದ್ರೆ ಅನುಮಾನ ಪಡ್ರಿ, ಸದ್ದು ಮುಚ್ಚೋಕೆ ದಪ್ಪ ಆಯಿಲ್ ಹಾಕೋದು ಹಳೇ ಆಟ.

ಈಗ ಸ್ಟಾರ್ಟ್ ಮಾಡಿ ಹಿಂದೆ ಹೋಗಿ ನಿಂತ್ಕೊಳ್ರಿ. ಫೋರ್ ಸ್ಟ್ರೋಕಲ್ಲಿ ಮೊದಲ ಕಿಕ್ಕಿಗೆ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತೋದ್ರೆ ವಾಲ್ವ್ ಸೀಲು, ಸಣ್ಣ ಕೆಲ್ಸ. ಆಕ್ಸಿಲೇಟರ್ ಕೊಟ್ಟಾಗೆಲ್ಲ ನೀಲಿ ಹೊಗೆ ಬರ್ತಾನೇ ಇದ್ರೆ ಬೋರು, ರಿಂಗು ಹೋಗಿದೆ, ಹಾಫ್ ಇಂಜಿನ್ ಖರ್ಚು ಬರ್ಕೊಳ್ರಿ. ಕಪ್ಪು ಹೊಗೆ ಕಾರ್ಬುರೇಟರ್ ಅಥವಾ ಏರ್ ಫಿಲ್ಟರ್ ವಿಷ್ಯ, ಗಾಬರಿ ಬೇಡ. ಚಳಿಗಾಲದ ಬೆಳಿಗ್ಗೆ ತೆಳ್ಳಗೆ ಬಿಳೀದು ಬಂದು ಮಾಯ ಆದ್ರೆ ಬರೀ ನೀರಾವಿ.

ಬೋರ್ ಮಾಡಿಸಿದ್ರೆ ಎಷ್ಟನೇ ಸೈಜು ಅಂತ ಕೇಳ್ರಿ. ಬ್ಲಾಕ್ ಸವೆದಾಗ ಕೊರೆದು ಸ್ವಲ್ಪ ದಪ್ಪ ಪಿಸ್ಟನ್ ಹಾಕ್ತಾರೆ, ಕಾಲು ಮಿಲಿಮೀಟರು, ಅರ್ಧ, ಮುಕ್ಕಾಲು, ಒಂದು ಹಿಂಗೆ ಹೋಗುತ್ತೆ. ಕೊನೇ ಸೈಜಿಗೆ ಬಂದಿದ್ರೆ ಮುಂದಿನ ಸಲ ಬ್ಲಾಕೇ ಬದಲಾಯ್ಸಬೇಕು ಇಲ್ಲಾ ಸ್ಲೀವ್ ಹಾಕಿಸ್ಬೇಕು. ಮಾರೋನಿಗೆ ಗೊತ್ತಿಲ್ಲಾಂದ್ರೆ ಮಾಡಿದ ಮೆಕ್ಯಾನಿಕ್ ಯಾರು ಅಂತ ಕೇಳಿ, ಅವರಿಗೆ ನೆನಪಿರುತ್ತೆ.

ನಮ್ಮ ಕಡೆ ಇದು ಯಾಕೆ ಮುಖ್ಯ ಅಂದ್ರೆ ಧೂಳು. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡೋ ರಸ್ತೇಲಿ ದಿನಾ ಓಡಿರೋ ಬೈಕಿನ ಏರ್ ಫಿಲ್ಟರ್ ಬಾಕ್ಸ್ ತೆಗೆದು ನೋಡ್ರಿ. ಫಿಲ್ಟರ್ ಹರಿದಿದ್ರೆ ಅಥವಾ "ಪಿಕಪ್ ಜಾಸ್ತಿ ಆಗ್ಲಿ" ಅಂತ ತೆಗೆದೇ ಹಾಕಿದ್ರೆ ಆ ಧೂಳೆಲ್ಲಾ ಬೋರಿಗೇ ಹೋಗಿದೆ, ಮೀಟರು ಎಷ್ಟೇ ಕಮ್ಮಿ ತೋರ್ಸಿದ್ರೂ ಇಂಜಿನ್ ಮುದಿಯಾಗಿರುತ್ತೆ. ಎರಡು ನಟ್ ಬಿಚ್ಚೋ ಕೆಲ್ಸ, ಯಾರೂ ಮಾಡಲ್ಲ, ನೀವು ಮಾಡ್ರಿ.

ಸದ್ದಿನ ವಿಷ್ಯ ಬರೆದು ಹೇಳೋದು ಕಷ್ಟ. ಇಂಜಿನ್ ಹೆಡ್ ಹತ್ರ ಸಣ್ಣಗೆ ಟಿಕ್ ಟಿಕ್ ಅಂದ್ರೆ ಟ್ಯಾಪೆಟ್, ಸೆಟ್ ಮಾಡಿದ್ರೆ ಹೋಗುತ್ತೆ. ಸ್ಪ್ಲೆಂಡರಲ್ಲಿ ಎಡಗಡೆಯಿಂದ ಚರಚರ ಬಂದ್ರೆ ಟೈಮಿಂಗ್ ಚೈನು, ಮಧ್ಯಮ ಖರ್ಚು. ಕೆಳಗಿಂದ, ಅಂದ್ರೆ ಕ್ರ್ಯಾಂಕ್ ಕಡೆಯಿಂದ, ತಗಡಿನ ಡಬ್ಬಿಲಿ ಕಲ್ಲು ಹಾಕಿ ಅಲ್ಲಾಡ್ಸಿದಂಗೆ ದಡದಡ ಬಂದ್ರೆ ಫುಲ್ ಇಂಜಿನ್ ಕೆಲ್ಸ, ಓಡ್ಸೋ ಗಾಡಿ ಆದ್ರೆ ಅಲ್ಲಿಗೇ ಬಿಟ್ಬಿಡೋದು ವಾಸಿ.

6. ಮೈ ನೋಡೋದು

ಮೀಟರ್ ನಂಬೋಕೆ ಹೋಗ್ಬೇಡ್ರಿ. ಹಳೇ ಮೀಟರಲ್ಲಿ ಐದೇ ಅಂಕಿ, 99,999 ಆದ್ಮೇಲೆ ಮತ್ತೆ ಸೊನ್ನೆ, ಕೇಬಲ್ ಕಿತ್ತೋಗಿ ವರ್ಷಗಟ್ಲೆ ಹಂಗೇ ಓಡಿಸಿರೋರೂ ಇದಾರೆ. ಅದರ ಬದಲು ಗೇರ್ ಲಿವರಿನ ರಬ್ಬರು, ಬ್ರೇಕ್ ಪೆಡಲ್ಲು, ಫುಟ್‌ರೆಸ್ಟು ನೋಡ್ರಿ. ಮೀಟರಲ್ಲಿ 18 ಸಾವಿರ, ಬ್ರೇಕ್ ಪೆಡಲಿನ ಗೆರೆಯೆಲ್ಲಾ ಸವೆದು ಕನ್ನಡಿ ತರ ಹೊಳೀತಿದೆ ಅಂದ್ರೆ ಯಾವ್ದು ಸುಳ್ಳು ಅಂತ ಹೇಳ್ಬೇಕಾಗಿಲ್ಲ.

ಹೊಸ ಪೇಂಟ್ ಕಂಡ್ರೆ ಖುಷಿ ಪಡ್ಬೇಡ್ರಿ. ಅಯಸ್ಕಾಂತನ ಟ್ಯಾಂಕ್ ಮೇಲೆ ಸರಿಸ್ತಾ ಹೋಗ್ರಿ, ಎಲ್ಲಿ ಹಿಡಿಯಲ್ವೋ ಅಲ್ಲಿ ಒಳಗೆ ಪುಟ್ಟಿ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ತುಕ್ಕು ನೋಡ್ರಿ, ಟ್ಯಾಂಕಿನ ಹೊಟ್ಟೆ ಕೆಳಗೆ ಕೈ ಆಡಿಸಿ, ಎಂ-ಸೀಲ್ ಮೆತ್ತಿದಾರಾ ಅಂತ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಇರೋ ಪೆಟ್ರೋಲು, ಅದು ನೀರಿನಂಶ ಎಳ್ಕೊಳ್ಳುತ್ತೆ, ನಿಂತೇ ಇರೋ ಹಳೇ ಗಾಡಿಲಿ ಟ್ಯಾಂಕು, ಕಾರ್ಬುರೇಟರ್ ರಬ್ಬರು ಎರಡಕ್ಕೂ ಪೆಟ್ಟು. "ಎರಡು ವರ್ಷದಿಂದ ಮನೇಲೇ ನಿಲ್ಸಿದೀವಿ, ಓಡ್ಸೇ ಇಲ್ಲ" ಅನ್ನೋದು ಹೆಗ್ಗಳಿಕೆ ಅಲ್ಲ, ರೇಟು ಇಳ್ಸೋಕೆ ಕಾರಣ.

ಆಮೇಲೆ ಭಾರ ಹೊತ್ತ ಗುರುತು. ದಾವಣಗೆರೆ ಸುತ್ತ ಮೆಕ್ಕೆಜೋಳದ ಚೀಲ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಎಲ್ಲಾ ಬೈಕ್ ಮೇಲೇ ಬರೋದು. ಕ್ಯಾರಿಯರ್ ಕೂರೋ ಜಾಗದಲ್ಲಿ, ಹಿಂದಿನ ಶಾಕಪ್ ಬೋಲ್ಟಿನ ಹತ್ರ ವೆಲ್ಡಿಂಗ್ ಮಾಡಿದಾರಾ ನೋಡ್ರಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸ್ರಿ, ಟಕ್ ಟಕ್ ಅಂದ್ರೆ ಸ್ವಿಂಗ್ ಆರ್ಮ್ ಬುಷ್ಷು ಇಲ್ಲಾ ವ್ಹೀಲ್ ಬೇರಿಂಗು. ನಾಲೆ ಪಕ್ಕ ಗದ್ದೆ ಕೆಸರಲ್ಲಿ ಓಡಾಡಿದ ಗಾಡಿ ಆದ್ರೆ ಮಡ್‌ಗಾರ್ಡ್ ಒಳಮೈ, ಸೈಲೆನ್ಸರ್ ತಳ ಎರಡೂ ತುಕ್ಕು ಹಿಡಿದಿರುತ್ತೆ.

ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸ್ರಿ, ಮಧ್ಯದಲ್ಲಿ ಗುಂಡಿಗೆ ಬಿದ್ದಂಗೆ ನಿಂತ್ರೆ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗು) ಹೋಗಿದೆ. ಫೋರ್ಕ್ ಪೈಪ್ ಮೇಲೆ ಎಣ್ಣೆ ಜಿಡ್ಡಿದ್ರೆ ಸೀಲು. ದಾರನ ಹಿಂದಿನ ಟೈರಿಂದ ಮುಂದಿನ ಟೈರಿಗೆ ಎರಡೂ ಪಕ್ಕ ಬಿಗಿಯಾಗಿ ಹಿಡಿದು ನೋಡ್ರಿ, ಒಂದು ಪಕ್ಕ ಒಂದು ತರ, ಇನ್ನೊಂದು ಪಕ್ಕ ಇನ್ನೊಂದು ತರ ಬಂದ್ರೆ ಮೊದ್ಲು ಚೈನ್ ಅಡ್ಜಸ್ಟರ್ ಗೀಟು ಎರಡೂ ಕಡೆ ಸಮ ಇದ್ಯಾ ನೋಡಿ, ಅದೂ ಸಮ ಇದ್ರೆ ಫೋರ್ಕೋ ಚಾಸಿನೋ ಬಗ್ಗಿದೆ. ಚಾಸಿ ಬಗ್ಗಿದ ಗಾಡಿ ಯಾವ ರೇಟಿಗೂ ಬಾಳಲ್ಲ.

ಟೈರ್ ಪಕ್ಕ ನಾಲ್ಕಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಹಲ್ಲು ಚೆನ್ನಾಗಿದ್ರೂ ರಬ್ಬರ್ ಸೀಳಿದ್ರೆ ಬದಲಾಯ್ಸಲೇಬೇಕು. ಹಿಂದಿನ ಸ್ಪ್ರಾಕೆಟಿನ ಹಿಂಬದಿಲಿ ಚೈನ್ ಹಿಡಿದು ಎಳೀರಿ, ಅರ್ಧ ಹಲ್ಲು ಹೊರಗೆ ಕಾಣೋವಷ್ಟು ಬಂದ್ರೆ ಚೈನ್ ಕಿಟ್ ಖರ್ಚು ಬರ್ಕೊಳ್ರಿ. ಹಳೇ ಸ್ಪ್ಲೆಂಡರಲ್ಲಿ ಆಕ್ಸಿಲೇಟರ್ ಕೊಟ್ಟಂಗೆ ಹೆಡ್‌ಲೈಟ್ ಜಾಸ್ತಿ ಆಗೋದು ದೋಷ ಅಲ್ಲ, ಅದು ಇರೋದೇ ಹಂಗೆ.

7. ಓಡ್ಸಿ ನೋಡೋದು

ಗಲ್ಲೀಲಿ ಒಂದು ರೌಂಡ್ ಸಾಲಲ್ಲ. ದುರ್ಗದಲ್ಲಿ ಏರು ಹುಡುಕೋ ಕಷ್ಟನೇ ಇಲ್ಲ, ದಾವಣಗೆರೆ ಸಪಾಟು ಊರು, ಹೈವೇ ಫ್ಲೈಓವರೋ ರೈಲ್ವೆ ಅಂಡರ್‌ಪಾಸೋ ಹುಡುಕ್ಕೊಳ್ರಿ. ಏರಲ್ಲಿ ಮೂರನೇ ಗೇರಲ್ಲಿ ಪೂರ್ತಿ ಆಕ್ಸಿಲೇಟರ್ ಕೊಡ್ರಿ. ಇಂಜಿನ್ ಕೂಗು ಏರಿ ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲಾಂದ್ರೆ ಕ್ಲಚ್ ಪ್ಲೇಟ್ ಸವೆದಿದೆ. ಪ್ರತಿ ಗೇರಲ್ಲೂ ಆಕ್ಸಿಲೇಟರ್ ಕೊಟ್ಟು ಬಿಟ್ಟು ಮಾಡ್ರಿ, ತಾನಾಗೇ ಗೇರ್ ಜಾರಿದ್ರೆ ಇಂಜಿನ್ ಬಿಚ್ಬೇಕು, ದೊಡ್ಡ ಖರ್ಚು. ಖಾಲಿ ರಸ್ತೇಲಿ ನಿಧಾನಕ್ಕೆ ಹೋಗ್ತಾ ಹ್ಯಾಂಡಲ್ ಹಿಡಿತ ಸ್ವಲ್ಪ ಸಡಿಲಿಸ್ರಿ, ಕೈ ಪೂರ್ತಿ ಬಿಡ್ಬೇಡ್ರಿ, ಒಂದು ಕಡೆಗೇ ಎಳೆದ್ರೆ 6ನೇದ್ರಲ್ಲಿ ದಾರ ಹಿಡಿದಿದ್ದು ನೆನಪು ಮಾಡ್ಕೊಳ್ರಿ. ವಾಪಸ್ ಬಂದು ಆಫ್ ಮಾಡಿ, ಬಿಸಿ ಇದ್ದಾಗಲೇ ಮತ್ತೆ ಸ್ಟಾರ್ಟ್ ಮಾಡ್ರಿ. ಇನ್ಶೂರೆನ್ಸ್ ಇಲ್ಲದ ಗಾಡಿ ಆದ್ರೆ ಮೇನ್ ರೋಡಿಗೆ ನೀವು ಓಡಿಸ್ಬೇಡ್ರಿ, ಏನಾದ್ರೂ ಆದ್ರೆ ನಿಮ್ಮ ತಲೆಗೆ ಬರುತ್ತೆ.

ಕ್ರೇಜ್ ಗಾಡಿ ತಗೊಳ್ಳೋರಿಗೆ

"ಮೇಡ್ ಇನ್ ಜಪಾನ್ ಇಂಜಿನ್" ಅಂತ ಹೇಳದೆ ಆರ್‌ಎಕ್ಸ್ 100 ಮಾರೋರು ಯಾರೂ ಇಲ್ಲ ಅನ್ಸುತ್ತೆ. ಶುರುವಿನ ಗಾಡಿಗಳಲ್ಲಿ ಜಪಾನ್ ಪಾರ್ಟ್ಸ್ ಇದ್ದದ್ದು ನಿಜ, ಆದ್ರೆ ಇಷ್ಟು ವರ್ಷದಲ್ಲಿ ಬ್ಲಾಕು, ಕ್ರ್ಯಾಂಕು ಎಷ್ಟು ಸಲ ಬದ್ಲಾಗಿದೆ ಅನ್ನೋದೇ ಪ್ರಶ್ನೆ. 135ರ ಇಂಜಿನ್ ಕೂರ್ಸಿ 100 ಅಂತ ಮಾರೋದೂ ನಡೆಯುತ್ತೆ, 4ನೇದ್ರಲ್ಲಿ ಹೇಳಿದ ನಂಬರ್ ತಾಳೆ ಇಲ್ಲಿ ಎರಡ್ಸಲ ಮಾಡ್ರಿ.

ಟೂ ಸ್ಟ್ರೋಕಲ್ಲಿ ಹೊಗೆ ಸಹಜ, ಬಿಸಿ ಆದ್ಮೇಲೂ ಬಿಳಿ ಹೊಗೆ ಮೋಡದಂಗೆ ಬರ್ತಾ ಗೇರ್ ಆಯಿಲ್ ಕಮ್ಮಿ ಆಗ್ತಿದ್ರೆ ಕ್ಲಚ್ ಕಡೆ ಕ್ರ್ಯಾಂಕ್ ಸೀಲ್ ಹೋಗಿದೆ. ಮ್ಯಾಗ್ನೆಟ್ ಕಡೆ ಸೀಲ್ ಹೋದ್ರೆ ಗಾಳಿ ಎಳ್ಕೊಂಡು ಐಡ್ಲಿಂಗಲ್ಲಿ ತಾನಾಗೇ ರೇಸ್ ಆಗುತ್ತೆ. ಆರ್‌ಎಕ್ಸಲ್ಲಿ ಟೂಟಿ ಆಯಿಲಿಗೆ ಬೇರೆ ಟ್ಯಾಂಕು, ಪಂಪು ಇದೆ, ಎಷ್ಟೋ ಗಾಡೀಲಿ ಅದನ್ನ ಕಿತ್ತು ಪೆಟ್ರೋಲಿಗೇ ಆಯಿಲ್ ಕಲ್ಸಿ ಓಡಿಸ್ತಿರ್ತಾರೆ. ಕೇಳದೆ ತಗೊಂಡು ಬರೀ ಪೆಟ್ರೋಲ್ ಹಾಕಿದ್ರೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಯೆಜ್ಡಿಲಿ ಕಿಕ್ಕರೂ ಗೇರ್ ಲಿವರೂ ಒಂದೇ, ಕಿಕ್ ಮಾಡಿ ಮುಂದಕ್ಕೆ ಮಡಚಿದ್ರೆ ಗೇರ್. ಅದು ಜಾರುತ್ತಾ ನೋಡ್ರಿ, ಹತ್ತು ಸಲ ಕಿಕ್ ಹೊಡೀರಿ, ನಾಚಿಕೆ ಬೇಡ. ಹಳೇ ಬುಲೆಟಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ, ಓಡಿಸೋ ಮುಂಚೆ ಗೊತ್ತಿರ್ಲಿ. ಅಲ್ಪ ಸ್ವಲ್ಪ ಆಯಿಲ್ ಒಸರೋದು ಅದರ ಹುಟ್ಟುಗುಣ, ಅದಕ್ಕೆಲ್ಲ ರೇಟ್ ಇಳ್ಸು ಅಂದ್ರೆ ಮಾರೋನು ನಗ್ತಾನೆ.

ಇಲ್ಲಿ ಪೇಂಟಿಗಿಂತ ಒರಿಜಿನಲ್ ಸೈಲೆನ್ಸರ್, ಮೀಟರ್, ಟ್ಯಾಂಕು, ಸೈಡ್ ಬಾಕ್ಸಿಗೆ ಬೆಲೆ. ತುಕ್ಕು ಹಿಡಿದ ಒರಿಜಿನಲ್ಲು ಮಿರಮಿರ ಮಿಂಚೋ ಡೂಪ್ಲಿಕೇಟಿಗಿಂತ ಜಾಸ್ತಿ ಬಾಳುತ್ತೆ ಅನ್ನೋದು ನನ್ನ ಅಭಿಪ್ರಾಯ, ಒಪ್ಪದೇ ಇರೋರೂ ಇದಾರೆ.

8. ಲೆಕ್ಕ

ಮೊದಲು ಆ ಮಾಡೆಲ್ಲು, ಆ ವರ್ಷದ ಗಾಡಿ ಎಲ್ಲಾ ಸರಿ ಇದ್ದು, ಕಾಗದ ಚೊಕ್ಕ ಇದ್ರೆ ಎಷ್ಟಕ್ಕೆ ಹೋಗುತ್ತೆ ಅಂತ ಹಳೇ ಗಾಡಿ ಕೊಂಡು ಮಾರೋ ಎರಡು ಮೂರು ಕನ್ಸಲ್ಟಿಂಗ್ ಅಂಗಡಿಲಿ ಕೇಳ್ರಿ. ಒಂದು ಉಪಾಯ, ಕೊಳ್ಳೋಕೆ ಬಂದಿದೀನಿ ಅನ್ನದೆ "ಇಂಥಾ ಗಾಡಿ ಮಾರ್ಬೇಕು, ಎಷ್ಟಕ್ಕೆ ತಗೋತೀರ" ಅಂತನೂ ಒಂದು ಕಡೆ ಕೇಳ್ರಿ. ಆ ಎರಡು ಉತ್ರದ ಮಧ್ಯೆ ಎಲ್ಲೋ ನಿಜ ಇರುತ್ತೆ.

ಸುಮ್ನೆ ಲೆಕ್ಕಕ್ಕೆ, ಮೇಲಿನ 2009ರ ಸ್ಪ್ಲೆಂಡರ್ ಎಲ್ಲಾ ಸರಿ ಇದ್ರೆ 30 ಸಾವಿರ ಅನ್ಕೊಳ್ಳೋಣ. ಆರ್‌ಸಿ ಮುಗಿದು 14 ತಿಂಗಳು, ತಡದ್ದು 4,200, ಫೀ 1,000. ಇನ್ಶೂರೆನ್ಸ್ ಇಲ್ಲ, 75ರಿಂದ 150 ಸಿಸಿವರೆಗಿನ ಬೈಕಿಗೆ ಥರ್ಡ್ ಪಾರ್ಟಿ ಮೂಲ ಪ್ರೀಮಿಯಂ 2022ರಲ್ಲಿ 714 ರೂಪಾಯಿ ಮಾಡಿದ್ರು, ಒಂದು ಸಾವಿರದೊಳಗೆ ಇಟ್ಕೊಳ್ರಿ. ಹಿಂದಿನ ಟೈರು, ಚೈನ್ ಕಿಟ್ಟು, ಕೋನ್ ಸೆಟ್ಟು ಮೆಕ್ಯಾನಿಕ್ 5,000 ಅಂದ್ರು. ಗ್ರೀನ್ ಟ್ಯಾಕ್ಸು, ಎಚ್‌ಎಸ್‌ಆರ್‌ಪಿ, ಓಡಾಟ ಸೇರಿ 1,500. ಒಟ್ಟು 12,700. ಇದರ ಮೇಲೆ ಬಿಚ್ಚಿದಾಗ ಕಾಣೋ ಖರ್ಚಿಗೆ ಅಂತ ಒಂದೆರಡು ಸಾವಿರ ಕೈಲಿ ಇಟ್ಕೊಂಡ್ರೆ ಆ ಗಾಡಿ ನಿಮಗೆ 15, 16 ಸಾವಿರಕ್ಕೆ ಬಾಳುತ್ತೆ. 28 ಹೇಳ್ತಿದ್ರೆ 28 ಅಲ್ಲ, ನಿಮಗೆ 40ರ ಮೇಲೆ ಬೀಳುತ್ತೆ. ಅದೇ ಗಾಡಿಗೆ 2029ರವರೆಗೆ ರಿನೀವಲ್ ಆಗಿ, ಇನ್ಶೂರೆನ್ಸ್ ಚಾಲ್ತಿಲಿದ್ದು, ಟೈರ್ ಹೊಸದಾಗಿದ್ರೆ 28 ಹೇಳೋದ್ರಲ್ಲಿ ತಪ್ಪೇನಿಲ್ಲ.

ಫ್ಯಾನ್ಸಿ ನಂಬರು, ಎಕ್ಸ್‌ಟ್ರಾ ಹಾರ್ನು, ಸ್ಟಿಕ್ಕರು, ಸೀಟ್ ಕವರು ಇದಕ್ಕೆಲ್ಲ ಲೆಕ್ಕದಲ್ಲಿ ಜಾಗ ಇಲ್ಲ.

9. ಚೌಕಾಸಿ, ದುಡ್ಡು, ಹೆಸರು

"ಗಾಡಿ ಸರಿ ಇಲ್ಲ" ಅಂತ ಬೈದು ರೇಟ್ ಇಳಿಸೋಕೆ ಹೋಗ್ಬೇಡ್ರಿ, ಮಾರೋನಿಗೆ ಸಿಟ್ಟು ಬರುತ್ತೆ. ಬರ್ಕೊಂಡ ಪಟ್ಟಿ ಮುಂದೆ ಇಟ್ಟು, "ಅಣ್ಣಾ, ಇಷ್ಟು ಖರ್ಚು ನನಗೆ ಬರುತ್ತೆ, ನೀವೇ ಮಾಡ್ಸಿ ಕೊಟ್ರೆ ನೀವು ಹೇಳಿದ್ದೇ ಕೊಡ್ತೀನಿ" ಅನ್ನಿ. ಬಹಳ ಜನ ಇಳಿಸೋದೇ ವಾಸಿ ಅಂತ ಇಳಿಸ್ತಾರೆ.

ದುಡ್ಡು ಪೂರ್ತಿ ಒಂದೇ ಸಲ ಕೊಡ್ಬೇಡ್ರಿ. ಬಹುಪಾಲು ಯುಪಿಐಲೋ ಬ್ಯಾಂಕಲ್ಲೋ ಹಾಕಿ, ಆರ್‌ಸಿ ಹೆಸರು ಬದಲಾಗೋ ತನಕ ಅಂತ ಎರಡು ಮೂರು ಸಾವಿರ ಉಳಿಸ್ಕೊಳ್ರಿ, ಅದನ್ನ ಮಾರಾಟದ ಚೀಟಿಲೇ ಬರೆಸ್ರಿ. ಚೀಟಿಲಿ ತಾರೀಖು ಮಾತ್ರ ಅಲ್ಲ, ಗಂಟೆನೂ ಇರ್ಲಿ. ಅವತ್ತು ಬೆಳಿಗ್ಗೆ ಗಾಡಿ ಏನಾದ್ರೂ ಮಾಡಿದ್ರೆ ಅದು ಯಾರ ಕೈಲಿತ್ತು ಅಂತ ಗೊತ್ತಾಗ್ಬೇಕಲ್ಲ. ಬರೀ ಛಾಪಾ ಕಾಗದದ ಮೇಲೆ ಬರೆಸ್ಕೊಂಡು ಹೆಸರು ಬದಲಾಯ್ಸದೆ ಬಿಡೋದು ಮಾರೋರಿಗೇ ಜಾಸ್ತಿ ಅಪಾಯ. ಆರ್‌ಸಿಲಿ ಯಾರ ಹೆಸರಿದ್ಯೋ ಅವರೇ ಓನರ್ರು ಅಂತ ಅಪಘಾತದ ಪರಿಹಾರದ ಕೇಸಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನ ಹೇಳಿದ್ರೆ ಫೋನ್ ಎತ್ತದ ಹಳೇ ಓನರೂ ಓಟಿಪಿ ಕೊಡೋಕೆ ಬರ್ತಾರೆ.

ನಮ್ಮ ರಾಜ್ಯದೊಳಗೇ ಆದ್ರೆ ಮಾರಿದವ್ರು 14 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು, ಕೊಂಡವ್ರು 30 ದಿನದೊಳಗೆ ಅರ್ಜಿ ಹಾಕ್ಬೇಕು. ಬೈಕಿನ ವರ್ಗಾವಣೆ ಫೀ 150 ರೂಪಾಯಿ, ಆರ್‌ಸಿ ಕಾರ್ಡಿಂದು 200, ಅಷ್ಟಕ್ಕೆ ಸಾವಿರಗಟ್ಟಲೆ ಏಜೆಂಟಿಗೆ ಯಾಕೆ ಅನ್ನೋರು ಪರಿವಾಹನಲ್ಲಿ ತಾವೇ ಹಾಕ್ಬಹುದು. ಆರ್‌ಸಿ ಮುಗಿದಿದ್ರೆ ಮೊದ್ಲು ರಿನೀವಲ್, ಆಮೇಲೆ ವರ್ಗಾವಣೆ, ಈ ಕ್ರಮ ಮರೀಬೇಡ್ರಿ. ಇನ್ಶೂರೆನ್ಸ್ ಕಂಪ್ನಿಗೂ ಅರ್ಜಿ ಕೊಟ್ಟು ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ರಿ, ಅದಕ್ಕೂ 14 ದಿನದ ಗಡುವಿದೆ. ಆಮೇಲೆ ಎಂಪರಿವಾಹನಲ್ಲಿ ನಂಬರ್ ಹಾಕಿ ನೋಡ್ತಾ ಇರಿ, ನಿಮ್ಮ ಹೆಸರು ಬಂದ ದಿನ ಉಳಿಸ್ಕೊಂಡ ಎರಡು ಮೂರು ಸಾವಿರ ಮಾರಿದವ್ರಿಗೆ ಕಳ್ಸಿಬಿಡ್ರಿ.